ಎರಡು ದೇಶಗಳ ದೂರಸಂಪರ್ಕ ಜಾಲಗಳ ನಡುವೆ ಸಿಗ್ನಲಿಂಗ್ ಸಂದೇಶಗಳನ್ನು ಪರಿವರ್ತಿಸುವ ಕ್ರಮ

ಮಂಜೇಶ್ವರದ ಮನೆಯೊಂದರ ಸ್ಥಿರ ದೂರವಾಣಿಯಿಂದ ನ್ಯೂಯಾರ್ಕಿಗೆ ಕರೆ ಮಾಡಿದರೆ, ಮಾತು ಹೊರಡುವ ಮೊದಲೇ ಎಕ್ಸ್‌ಚೇಂಜುಗಳ ನಡುವೆ ಸಂದೇಶಗಳ ವಿನಿಮಯ ಶುರುವಾಗುತ್ತದೆ. ಕರೆ ಯಾರಿಂದ ಯಾರಿಗೆ, ಯಾವ ಸರ್ಕ್ಯೂಟಿನಲ್ಲಿ, ಅದು ಬರೀ ಮಾತೋ ಡೇಟಾವೋ, ಕೊನೆಗೆ ಯಾವ ಕಾರಣಕ್ಕೆ ಮುಗಿಯಿತು ಎಂಬುದನ್ನೆಲ್ಲ ಹೊತ್ತೊಯ್ಯುವ ಈ ವ್ಯವಸ್ಥೆಯ ಹೆಸರು ಸಿಗ್ನಲಿಂಗ್ ಸಿಸ್ಟಮ್ 7, ಅಂದರೆ ಎಸ್‌ಎಸ್7. 1980ರಲ್ಲಿ ಅಂದಿನ ಸಿಸಿಐಟಿಟಿ, ಅಂದರೆ ಇಂದಿನ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸಂಸ್ಥೆಯ ದೂರಸಂಪರ್ಕ ಮಾನಕೀಕರಣ ವಿಭಾಗ, ಇದರ ಮೊದಲ ಶಿಫಾರಸುಗಳನ್ನು ಹೊರತಂದಿತು. ಆದರೆ ಜಗತ್ತೆಲ್ಲ ಒಂದೇ ಪಾಠವನ್ನು ಅನುಸರಿಸಲಿಲ್ಲ. ಅಮೆರಿಕ ಆನ್ಸಿ ಎಂಬ ತನ್ನ ಮಾನಕವನ್ನೂ ಜಪಾನ್ ಟಿಟಿಸಿ ಎಂಬ ತನ್ನ ಮಾನಕವನ್ನೂ ರೂಪಿಸಿಕೊಂಡವು. ಚೀನಾ ಐಟಿಯು ಮಾದರಿಯನ್ನೇ ಒಪ್ಪಿದರೂ ವಿಳಾಸದ ಉದ್ದವನ್ನು ಬದಲಿಸಿಕೊಂಡಿತು. ಭಾರತ ಐಟಿಯು ಮಾದರಿಯ ರಾಷ್ಟ್ರೀಯ ರೂಪವೊಂದನ್ನು ಬಳಸುತ್ತದೆ.

ಕಾಸರಗೋಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಬೆಂಗಳೂರು, ಕೊಚ್ಚಿಗಳ ಟೆಲಿಕಾಂ ಟೆಸ್ಟಿಂಗ್ ಲ್ಯಾಬುಗಳಿಗೆ ಸೇರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಈ ಕೆಲಸ ಎದುರಾಗುವುದುಂಟು. ಅವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ತಲಪಾಡಿ ದಾಟಿದರೆ ಕೇರಳ ಸರ್ಕಲ್ ಮುಗಿದು ಕರ್ನಾಟಕ ಸರ್ಕಲ್ ಶುರುವಾಗುತ್ತದೆ. ಆದರೆ ಎರಡೂ ಕಡೆ ರಾಷ್ಟ್ರೀಯ ಪ್ರೋಟೊಕಾಲ್ ಒಂದೇ ಆದ್ದರಿಂದ ಅಲ್ಲಿ ಯಾವ ಪರಿವರ್ತನೆಯೂ ನಡೆಯುವುದಿಲ್ಲ. ಪರಿವರ್ತನೆ ಬೇಕಾಗುವುದು ಅಂತಾರಾಷ್ಟ್ರೀಯ ಗೇಟ್‌ವೇ ಎಕ್ಸ್‌ಚೇಂಜಿನಲ್ಲಿ, ಅಥವಾ ಎರಡು ದೇಶಗಳ ಉಪಕರಣಗಳನ್ನು ಒಂದೇ ಕಡೆ ಜೋಡಿಸಿ ಪರೀಕ್ಷಿಸುವ ಲ್ಯಾಬಿನಲ್ಲಿ. ಇಲ್ಲಿ ಹೇಳುವುದನ್ನೆಲ್ಲ ಲ್ಯಾಬಿನಲ್ಲಿ ಮಾತ್ರ ಮಾಡಿ ನೋಡಬೇಕು. ಅನುಮತಿಯಿಲ್ಲದೆ ಚಾಲ್ತಿಯಲ್ಲಿರುವ ಜಾಲವನ್ನು ಮುಟ್ಟುವುದು ಅಪರಾಧ.

ಮೊದಲ ಹೆಜ್ಜೆ: ಎಲ್ಲಿಯವರೆಗೆ ಪರಿವರ್ತಿಸಬೇಕೆಂದು ನಿರ್ಧರಿಸುವುದು

ಎಸ್‌ಎಸ್7 ಪದರಗಳಾಗಿ ಕಟ್ಟಿದ ವ್ಯವಸ್ಥೆ. ಕೆಳಗೆ ಸಂದೇಶವನ್ನು ಒಂದು ತಾಣದಿಂದ ಇನ್ನೊಂದಕ್ಕೆ ತಲುಪಿಸುವ ಎಂಟಿಪಿ ಇದೆ. ಅದರ ಮೇಲೆ ಕರೆಗಳನ್ನು ಕಟ್ಟುವ, ಬಿಡಿಸುವ ಐಸಪ್ ಇದೆ. ಮೊಬೈಲ್ ಜಾಲಗಳ ವಿಚಾರಣೆಗಳಿಗಾಗಿ ಎಸ್‌ಸಿಸಿಪಿ ಮತ್ತು ಟಿಕ್ಯಾಪ್ ಇವೆ. ಐಟಿಯು ಶಿಫಾರಸುಗಳಲ್ಲಿ ಎಂಟಿಪಿಯ ಜಾಲ ಪದರ ಕ್ಯೂ.704ರಲ್ಲಿಯೂ ಐಸಪ್ ಕ್ಯೂ.761ರಿಂದ ಕ್ಯೂ.764ರವರೆಗೂ ಸಿಗುತ್ತವೆ; ಅಮೆರಿಕದ ಕಡೆ ಇವಕ್ಕೆ ಸಮನಾದವು ಆನ್ಸಿ ಟಿ1.111 ಮತ್ತು ಟಿ1.113. ಈ ಎರಡು ಕಟ್ಟುಗಳೂ ಕೈಯಲ್ಲಿರದೆ ಕೆಲಸಕ್ಕೆ ಇಳಿಯಬಾರದು. ಜೊತೆಗೆ ಆಯಾ ದೇಶ ತನ್ನದೇ ಆಗಿ ಸೇರಿಸಿಕೊಂಡ ವಿಷಯಗಳ ಪುಸ್ತಕವೂ ಬೇಕು, ಏಕೆಂದರೆ ಐಟಿಯು ಪಾಠದಲ್ಲಿ ‘ರಾಷ್ಟ್ರೀಯ ಬಳಕೆಗೆ ಮೀಸಲು’ ಎಂದು ಬಿಟ್ಟ ಜಾಗಗಳನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ತುಂಬಿಕೊಂಡಿದೆ.

ಇಲ್ಲಿ ತೀರ್ಮಾನಿಸಬೇಕಾದ ಮುಖ್ಯ ಸಂಗತಿ, ಪರಿವರ್ತಕವು ಕರೆಯ ಸ್ಥಿತಿಯನ್ನು ನೆನಪಿಟ್ಟುಕೊಳ್ಳಬೇಕೋ ಬೇಡವೋ ಎಂಬುದು. ಬಂದ ಸಂದೇಶವನ್ನು ತಿದ್ದಿ ಹಾಗೆಯೇ ದಾಟಿಸುವ, ನೆನಪಿಲ್ಲದ ಪರಿವರ್ತಕ ಅಗ್ಗ ಮತ್ತು ಚುರುಕು. ಆದರೆ ಮುಂದೆ ನೋಡುವಂತೆ ಒಂದು ಕಡೆಯ ಒಂದು ಸಂದೇಶಕ್ಕೆ ಇನ್ನೊಂದು ಕಡೆ ಎರಡು ಸಂದೇಶ ಬೇಕಾಗುವ, ಅಥವಾ ಹಲವು ಸಂದೇಶಗಳನ್ನು ಒಂದಾಗಿ ಕೂಡಿಸಬೇಕಾಗುವ ಸಂದರ್ಭಗಳಿವೆ. ಐಟಿಯು ಮತ್ತು ಆನ್ಸಿ ಐಸಪ್ ನಡುವೆ ಕೆಲಸ ಮಾಡುವುದಾದರೆ ಸ್ಥಿತಿ ಇಟ್ಟುಕೊಳ್ಳುವ ಪರಿವರ್ತಕವೇ ಬೇಕೆಂಬುದು ನನ್ನ ಅಭಿಪ್ರಾಯ. ಚೀನಾದ ರೂಪ ಮತ್ತು ಮೂಲ ಐಟಿಯು ನಡುವೆ ವ್ಯತ್ಯಾಸ ಹೆಚ್ಚಾಗಿ ವಿಳಾಸದಲ್ಲಿರುವುದರಿಂದ ಅಲ್ಲಿ ಸರಳ ಪರಿವರ್ತಕ ಸಾಕಾಗಬಹುದು.

ಎರಡನೆಯ ತೀರ್ಮಾನ, ನೇರವಾಗಿ ಒಂದು ರೂಪದಿಂದ ಇನ್ನೊಂದಕ್ಕೆ ಹೋಗುವುದೋ, ನಡುವೆ ಯಾವ ದೇಶಕ್ಕೂ ಸೇರದ ಒಂದು ಆಂತರಿಕ ರೂಪವನ್ನು ಇಟ್ಟುಕೊಳ್ಳುವುದೋ ಎಂಬುದು. ಐದು ದೇಶಗಳ ರೂಪಗಳಿದ್ದರೆ ನೇರ ಪರಿವರ್ತನೆಗೆ ಇಪ್ಪತ್ತು ಕೋಷ್ಟಕಗಳು ಬೇಕು. ನಡುವೆ ಆಂತರಿಕ ರೂಪ ಇಟ್ಟುಕೊಂಡರೆ ಒಳಬರಲು ಐದು, ಹೊರಹೋಗಲು ಐದು, ಒಟ್ಟು ಹತ್ತು ಸಾಕು. ಆದರೆ ಆಂತರಿಕ ರೂಪದಲ್ಲಿ ‘ಹನ್ನೆರಡನೆಯ ಬಿಟ್ ಒಂದು’ ಎಂದು ಬರೆದಿಟ್ಟರೆ ಪ್ರಯೋಜನವಿಲ್ಲ. ‘ಈ ಕರೆ ವಿದೇಶದಿಂದ ಬಂದದ್ದು’ ಎಂಬಂತೆ ಅರ್ಥವನ್ನು ಬರೆದಿಡಬೇಕು. ಪರಿವರ್ತನೆಯಲ್ಲಿ ಉಳಿಯಬೇಕಾದದ್ದು ಸಂದೇಶದ ಅರ್ಥ. ಬಿಟ್‌ಗಳು ಎಷ್ಟೇ ಸರಿಯಾಗಿ ದಾಟಿದರೂ ಅರ್ಥ ತಪ್ಪಿದರೆ ಕರೆ ಕೆಡುತ್ತದೆ.

ಎರಡನೆಯ ಹೆಜ್ಜೆ: ವಿಳಾಸ ಮತ್ತು ರೂಟಿಂಗ್ ಲೇಬಲ್

ಪ್ರತಿಯೊಂದು ಸಿಗ್ನಲಿಂಗ್ ತಾಣಕ್ಕೂ ಪಾಯಿಂಟ್ ಕೋಡ್ ಎಂಬ ವಿಳಾಸವಿರುತ್ತದೆ. ಐಟಿಯುನಲ್ಲಿ ಅದು 14 ಬಿಟ್, ಜಪಾನಿನಲ್ಲಿ 16 ಬಿಟ್, ಆನ್ಸಿ ಮತ್ತು ಚೀನಾದಲ್ಲಿ 24 ಬಿಟ್. ಅಂದರೆ ಐಟಿಯುನಲ್ಲಿ ಸಾಧ್ಯವಿರುವುದು 16,384 ವಿಳಾಸಗಳಾದರೆ ಆನ್ಸಿಯಲ್ಲಿ 1,67,77,216. ಇಷ್ಟು ದೊಡ್ಡ ಪಾತ್ರೆಯಿಂದ ಅಷ್ಟು ಚಿಕ್ಕದಕ್ಕೆ ಲೆಕ್ಕದ ಸೂತ್ರದಿಂದ ಇಳಿಸಲು ಬರುವುದಿಲ್ಲ, ಕೋಷ್ಟಕವನ್ನೇ ಮಾಡಬೇಕು. ಆಚೆಯ, ಅಂದರೆ ಆನ್ಸಿ ಕಡೆಯ, ಪ್ರತಿಯೊಂದು ತಾಣಕ್ಕೂ ಈಚೆಯ, ಅಂದರೆ ಐಟಿಯು ಕಡೆಯ, ಜಾಲಕ್ಕೆ ಅರ್ಥವಾಗುವ ಒಂದು ಪರ್ಯಾಯ ವಿಳಾಸವನ್ನು ಕೊಟ್ಟು ಎರಡನ್ನೂ ಜೋಡಿಸಿ ಬರೆದಿಡಬೇಕು.

ವಿಳಾಸಗಳನ್ನು ಬರೆಯುವ ಕ್ರಮದಲ್ಲೂ ಎಚ್ಚರ ಬೇಕು. ಐಟಿಯು ಅಂತಾರಾಷ್ಟ್ರೀಯ ವಿಳಾಸವನ್ನು 3-8-3 ಎಂದು ಒಡೆದು ಬರೆಯುತ್ತಾರೆ. 2-100-3 ಎಂಬ ವಿಳಾಸದ ನಿಜವಾದ ಬೆಲೆ 2×2048 + 100×8 + 3, ಅಂದರೆ 4899. ಒಂದು ಉಪಕರಣದ ಲಾಗ್‌ನಲ್ಲಿ 2-100-3 ಎಂದಿದ್ದು ಇನ್ನೊಂದರಲ್ಲಿ 4899 ಎಂದಿದ್ದರೆ ಎರಡೂ ಒಂದೇ ತಾಣ. ಆನ್ಸಿಯಲ್ಲಿ ಜಾಲ, ಗುಚ್ಛ, ಸದಸ್ಯ ಎಂದು 8-8-8 ಆಗಿ ಬರೆಯುತ್ತಾರಾದರೂ ತಂತಿಯ ಮೇಲೆ ಸದಸ್ಯದ ಆಕ್ಟೆಟ್ (ಎಂಟು ಬಿಟ್‌ಗಳ ಗುಂಪು) ಮೊದಲು ಹೋಗುತ್ತದೆ. ಹೊಸಬರು ಇಲ್ಲಿ ಸಾಮಾನ್ಯವಾಗಿ ತಿರುಗುಮುರುಗು ಮಾಡುತ್ತಾರೆ.

ಗುರಿಯ ವಿಳಾಸ, ಮೂಲದ ವಿಳಾಸ, ಮತ್ತು ಯಾವ ಲಿಂಕಿನಲ್ಲಿ ಹೋಗಬೇಕೆಂದು ಆರಿಸುವ ಎಸ್‌ಎಲ್‌ಎಸ್ ಎಂಬ ಸಂಖ್ಯೆ, ಈ ಮೂರೂ ಸೇರಿ ರೂಟಿಂಗ್ ಲೇಬಲ್ ಆಗುತ್ತದೆ. ಐಟಿಯುನಲ್ಲಿ ಲೇಬಲ್ 4 ಆಕ್ಟೆಟ್, ಆನ್ಸಿಯಲ್ಲಿ 7 ಆಕ್ಟೆಟ್. ಸಂದೇಶದ ಮಾಹಿತಿ ಭಾಗ 272 ಆಕ್ಟೆಟ್ ಮೀರುವಂತಿಲ್ಲವಾದ್ದರಿಂದ ಐಟಿಯು ಕಡೆಯಿಂದ ತುಂಬಿ ತುಳುಕುವ ಸಂದೇಶ ಬಂದರೆ ಆನ್ಸಿ ಕಡೆ ಮೂರು ಆಕ್ಟೆಟ್ ಹೊರಗೆ ಉಳಿಯುತ್ತದೆ. ಆಗ ಯಾವ ಐಚ್ಛಿಕ ಪ್ಯಾರಾಮೀಟರನ್ನು, ಅಂದರೆ ಸಂದೇಶದೊಳಗಿನ ಮಾಹಿತಿಯ ಅಂಶವನ್ನು, ಬಿಡಬೇಕೆಂದು ಮೊದಲೇ ನಿರ್ಧರಿಸಿರಬೇಕು. ಐಟಿಯು ಐಸಪ್‌ನಲ್ಲಿ ಎಸ್‌ಎಲ್‌ಎಸ್ ಎಂದರೆ ಸರ್ಕ್ಯೂಟ್ ಸಂಖ್ಯೆಯ, ಅಂದರೆ ಸಿಐಸಿಯ, ಕೊನೆಯ ನಾಲ್ಕು ಬಿಟ್‌ಗಳು. ಆನ್ಸಿಯಲ್ಲಿ ಈ ಕಟ್ಟುಪಾಡಿಲ್ಲ. ಆದ್ದರಿಂದ ಆನ್ಸಿಯಿಂದ ಬಂದ ಎಸ್‌ಎಲ್‌ಎಸ್ ಅನ್ನು ಕತ್ತರಿಸಿ ಹಾಕದೆ ಸಿಐಸಿಯಿಂದಲೇ ಹೊಸದಾಗಿ ತೆಗೆದು ಬರೆಯಬೇಕು. ಸಿಐಸಿ ಐಟಿಯುನಲ್ಲಿ 12 ಬಿಟ್, ಆನ್ಸಿಯಲ್ಲಿ 14 ಬಿಟ್. 4095ಕ್ಕಿಂತ ದೊಡ್ಡ ಸಿಐಸಿ ಈಚೆಗೆ ಹಾಗೆಯೇ ಬರಲಾರದು.

ಸೇವಾ ಮಾಹಿತಿಯ ಆಕ್ಟೆಟ್‌ನಲ್ಲಿ ಜಾಲ ಸೂಚಕವೂ ಬದಲಾಗಬೇಕಾಗಬಹುದು, ಅಂತಾರಾಷ್ಟ್ರೀಯಕ್ಕೆ 0, ರಾಷ್ಟ್ರೀಯಕ್ಕೆ 2. ಅದರ ಪಕ್ಕದ ಎರಡು ಬಿಟ್‌ಗಳನ್ನು ಐಟಿಯು ಖಾಲಿ ಬಿಡುತ್ತದೆ, ಆನ್ಸಿ ಸಂದೇಶದ ಆದ್ಯತೆಗೆ ಬಳಸುತ್ತದೆ. ಈಚೆಗೆ ಬರುವಾಗ ಸೊನ್ನೆ ಮಾಡಿ, ಆಚೆಗೆ ಹೋಗುವಾಗ ಸಂದೇಶದ ಬಗೆಯನ್ನು ನೋಡಿ ತುಂಬಿ.

ವಿಳಾಸದ ವಿಷಯದಲ್ಲಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದೆ ಉಳಿಯುವ ಒಂದು ತೊಡಕಿದೆ. ಎರಡು ಎಕ್ಸ್‌ಚೇಂಜುಗಳು ಒಂದೇ ಕ್ಷಣದಲ್ಲಿ ಒಂದೇ ಸರ್ಕ್ಯೂಟನ್ನು ಹಿಡಿದುಕೊಂಡರೆ ಯಾರು ಬಿಟ್ಟುಕೊಡಬೇಕು? ಬೇರೆ ಒಪ್ಪಂದ ಇಲ್ಲದಿದ್ದರೆ, ದೊಡ್ಡ ಪಾಯಿಂಟ್ ಕೋಡ್ ಇರುವ ಎಕ್ಸ್‌ಚೇಂಜಿಗೆ ಸಮಸಂಖ್ಯೆಯ ಸರ್ಕ್ಯೂಟುಗಳ ಮೇಲೆ ಹಕ್ಕು, ಚಿಕ್ಕದಕ್ಕೆ ಬೆಸಸಂಖ್ಯೆಯವುಗಳ ಮೇಲೆ ಹಕ್ಕು. ನಡುವೆ ಪರಿವರ್ತಕ ಕೂತು ಸಿಐಸಿಯನ್ನು ಹಾಗೆಯೇ ದಾಟಿಸುತ್ತಿದ್ದರೆ ಪ್ರತಿಯೊಬ್ಬರೂ ಹೋಲಿಸುವುದು ತಮ್ಮ ನಿಜವಾದ ವಿಳಾಸವನ್ನು ಎದುರಿನವರ ಪರ್ಯಾಯ ವಿಳಾಸದ ಜೊತೆ. ಈಚೆಯ ಎಕ್ಸ್‌ಚೇಂಜಿನ ವಿಳಾಸ 2000, ಆಚೆಯದಕ್ಕೆ ನಾವು ಕೊಟ್ಟ ಪರ್ಯಾಯ 3000 ಎಂದಿರಲಿ; ಈಚೆಯದು ‘ಎದುರಿನವರೇ ದೊಡ್ಡವರು’ ಎಂದುಕೊಳ್ಳುತ್ತದೆ. ಆಚೆ ಕಡೆ ನಮಗೆ ಕೊಟ್ಟ 24 ಬಿಟ್ ಪರ್ಯಾಯ ಅವರ ನಿಜವಾದ ವಿಳಾಸಕ್ಕಿಂತ ದೊಡ್ಡದಾಗಿದ್ದರೆ ಅವರೂ ‘ಎದುರಿನವರೇ ದೊಡ್ಡವರು’ ಎಂದುಕೊಳ್ಳುತ್ತಾರೆ. ಆಗ ಸಮಸಂಖ್ಯೆಯ ಸರ್ಕ್ಯೂಟಿನಲ್ಲಿ ಇಬ್ಬರೂ ಬಿಟ್ಟುಕೊಡುತ್ತಾರೆ, ಬೆಸಸಂಖ್ಯೆಯದರಲ್ಲಿ ಇಬ್ಬರೂ ಬಿಡುವುದಿಲ್ಲ. ಇಬ್ಬರೂ ಬಿಡದ ಕಡೆ ಎರಡೂ ಕರೆಗಳು ಉತ್ತರಕ್ಕಾಗಿ ಕಾಯುತ್ತಾ 20ರಿಂದ 30 ಸೆಕೆಂಡಿನ ಟಿ7 ಟೈಮರ್ ಮುಗಿದು ಸಾಯುತ್ತವೆ. ದಟ್ಟಣೆಯಿಲ್ಲದ ಹೊತ್ತಿನಲ್ಲಿ ಈ ದೋಷ ಕಾಣುವುದೇ ಇಲ್ಲ, ಹಬ್ಬದ ದಿನದಂಥ ದಟ್ಟಣೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಆಗ ಜನ ಲಿಂಕಿನ ಮೇಲೆ, ಕೇಬಲಿನ ಮೇಲೆ ಅನುಮಾನಪಡುತ್ತಾರೆ. ಪರ್ಯಾಯ ವಿಳಾಸಗಳನ್ನು ಆರಿಸುವಾಗ ಎರಡೂ ಕಡೆ ದೊಡ್ಡದು ಯಾವುದೆಂಬ ಹೋಲಿಕೆ ಒಂದೇ ಫಲ ಕೊಡುವಂತೆ ನೋಡಿಕೊಂಡರೆ ಈ ಗೋಜಲೇ ಇರದು.

ಮೂರನೆಯ ಹೆಜ್ಜೆ: ಐಎಎಂ ಸಂದೇಶವನ್ನು ಬಿಡಿಸಿ ಮತ್ತೆ ಕಟ್ಟುವುದು

ಕರೆಯ ಮೊದಲ ಸಂದೇಶ ಐಎಎಂ. ಪರಿವರ್ತನೆಯ ಕಷ್ಟವೆಲ್ಲ ಇದರಲ್ಲೇ ಕಾಣುವುದರಿಂದ ಒಂದನ್ನು ಪೂರ್ತಿ ಬಿಡಿಸಿ ನೋಡೋಣ. ಕರೆ ಹೋಗಬೇಕಾದ ಸಂಖ್ಯೆ 1-212-555-0123 ಎಂದಿಟ್ಟುಕೊಳ್ಳೋಣ (555-01ರಿಂದ ಶುರುವಾಗುವ ಸಂಖ್ಯೆಗಳನ್ನು ಅಮೆರಿಕದಲ್ಲಿ ಕಥೆ, ಸಿನಿಮಾಗಳಿಗೆಂದೇ ಮೀಸಲಿಟ್ಟಿದ್ದಾರೆ). ಆಕ್ಟೆಟ್‌ಗಳನ್ನು ದಶಮಾನ ಸಂಖ್ಯೆಗಳಲ್ಲಿ ಕೊಟ್ಟಿದ್ದೇನೆ. ಲೇಬಲ್ ಮತ್ತು ಸಿಐಸಿಯನ್ನು ಬಿಟ್ಟಿದ್ದೇನೆ.

ಐಟಿಯು ರೂಪ: 1, 0, 97, 0, 10, 3, 2, 10, 8, 4, 16, 33, 33, 85, 5, 33, 243, ಮುಂದೆ ಐಚ್ಛಿಕ ಭಾಗ.

ಆನ್ಸಿ ರೂಪ: 1, 0, 97, 0, 10, 3, 6, 13, 3, 144, 144, 162, 7, 3, 16, 18, 82, 85, 16, 50, ಮುಂದೆ ಐಚ್ಛಿಕ ಭಾಗ.

ಮೊದಲ ಆರು ಆಕ್ಟೆಟ್‌ಗಳು ಎರಡರಲ್ಲೂ ಒಂದೇ. ಮೊದಲ ಐದರ ಅರ್ಥವೂ ಹೆಚ್ಚುಕಡಿಮೆ ಒಂದೇ: 1 ಎಂದರೆ ಐಎಎಂ, 0 ಎಂದರೆ ಉಪಗ್ರಹ ಸರ್ಕ್ಯೂಟ್ ಇಲ್ಲ, 97 ಮತ್ತು 0 ಎಂದರೆ ಅಂತಾರಾಷ್ಟ್ರೀಯ ಕರೆ, ಹಾದಿಯುದ್ದಕ್ಕೂ ಐಸಪ್ ಇದೆ ಇತ್ಯಾದಿ, 10 ಎಂದರೆ ಸಾಮಾನ್ಯ ಚಂದಾದಾರ. ಆರನೆಯದು ಎರಡರಲ್ಲೂ 3. ಆದರೆ ಐಟಿಯುನಲ್ಲಿ ಆ 3 ಎಂದರೆ ‘3.1 ಕಿಲೋಹರ್ಟ್ಸ್ ಶ್ರವ್ಯ ಮಾಧ್ಯಮ ಬೇಕು’ ಎಂಬ ಟಿಎಂಆರ್ ಪ್ಯಾರಾಮೀಟರ್. ಆನ್ಸಿಯಲ್ಲಿ ಅದೇ 3 ಎಂದರೆ ‘ಬಳಕೆದಾರ ಸೇವಾ ಮಾಹಿತಿ ಇಲ್ಲಿಂದ ಮೂರನೆಯ ಆಕ್ಟೆಟ್‌ನಲ್ಲಿ ಶುರು’ ಎಂಬ ಪಾಯಿಂಟರ್. ಆನ್ಸಿಯ ಐಎಎಂನಲ್ಲಿ ಟಿಎಂಆರ್ ಇಲ್ಲ. ಅದರ ಬದಲಿಗೆ ಯುಎಸ್‌ಐ ಎಂಬ ಆ ಸೇವಾ ಮಾಹಿತಿ ಕಡ್ಡಾಯ. ಡಿಕೋಡರಿನಲ್ಲಿ ತಪ್ಪು ರೂಪವನ್ನು ಆರಿಸಿಟ್ಟುಕೊಂಡವರಿಗೆ ಸಂದೇಶದ ಮೊದಲರ್ಧ ಚೆನ್ನಾಗಿಯೇ ಓದಲು ಬಂದು ಮುಂದೆ ಏನೇನೋ ಕಾಣುವುದು ಇದೇ ಕಾರಣಕ್ಕೆ.

ಕುಂಬಳೆಯವರು ಮಂಗಳೂರಿನ ಕಚೇರಿಯೊಂದರಲ್ಲಿ ಅರ್ಜಿ ತುಂಬುವಾಗ ‘ಹೋಬಳಿ’ ಎಂಬ ಅಂಕಣದ ಮುಂದೆ ಪೆನ್ನು ನಿಲ್ಲಿಸುವಂತೆಯೇ ಇದು. ಕೇರಳದಲ್ಲಿ ಹೋಬಳಿಯೇ ಇಲ್ಲ, ಖಾಲಿ ಬಿಟ್ಟರೆ ಅರ್ಜಿ ವಾಪಸು, ಗ್ರಾಮದ ಹೆಸರು ಬರೆದರೆ ಬೇರೆ ಅರ್ಥ. ಪರಿವರ್ತಕ ಆ ಅಂಕಣವನ್ನು ತನ್ನ ಕೈಯಲ್ಲಿರುವ ಬೇರೆ ಮಾಹಿತಿಯಿಂದ ತಯಾರಿಸಿ ತುಂಬಬೇಕು. ಟಿಎಂಆರ್ 3 ಇದ್ದರೆ ಯುಎಸ್‌ಐ 144, 144, 162 ಆಗುತ್ತದೆ. ಟಿಎಂಆರ್ 0, ಅಂದರೆ ಮಾತು, ಇದ್ದರೆ 128, 144, 162. ಟಿಎಂಆರ್ 2, ಅಂದರೆ ನಿರ್ಬಂಧವಿಲ್ಲದ 64 ಕಿಲೋಬಿಟ್ ಡೇಟಾ, ಇದ್ದರೆ 136, 144 ಸಾಕು. ಹಿಂದಿರುಗುವಾಗ ಯುಎಸ್‌ಐಯ ಮೊದಲ ಆಕ್ಟೆಟ್ ನೋಡಿ ಟಿಎಂಆರ್ ತುಂಬಬಹುದು.

ಕೊನೆಯ 162 ಎಂಬುದು ಮ್ಯೂ-ಲಾ ಧ್ವನಿ ಸಂಕೇತವನ್ನು ಸೂಚಿಸುತ್ತದೆ. ಎ-ಲಾ ಆಗಿದ್ದರೆ 163. ನಾವು ಇ1 ಎಂಬ ಡಿಜಿಟಲ್ ಲಿಂಕ್ ಬಳಸುವ ಎ-ಲಾ ದೇಶದವರು, ಅಮೆರಿಕದವರು ಟಿ1 ಎಂಬ ಲಿಂಕ್ ಬಳಸುವ ಮ್ಯೂ-ಲಾದವರು. ಇಂಥ ಎರಡು ದೇಶಗಳ ನಡುವೆ ಧ್ವನಿಯನ್ನು ಬದಲಿಸುವ ಹೊಣೆ ಮ್ಯೂ-ಲಾ ದೇಶದ್ದೆಂದು ಜಿ.711 ಶಿಫಾರಸು ಹೇಳುತ್ತದೆ. ಸಂದೇಶದಲ್ಲಿ 162 ಎಂದು ಬರೆದು ಧ್ವನಿಯನ್ನು ಎ-ಲಾದಲ್ಲೇ ಬಿಟ್ಟರೆ ಕರೆ ಸೇರುತ್ತದೆ, ಆದರೆ ಕೇಳುವುದು ಕರ್ಕಶ. ಸಿಗ್ನಲಿಂಗ್ ತಂಡದವರೂ ಧ್ವನಿ ತಂಡದವರೂ ಒಬ್ಬರ ಮೇಲೊಬ್ಬರು ಹೇಳಿಕೊಂಡು ಕೂರುವ ದೋಷವಿದು.

ಆಮೇಲಿನ ಪಾಯಿಂಟರ್‌ಗಳನ್ನು ಹಳೆಯ ಸಂದೇಶದಿಂದ ನಕಲು ಮಾಡಲೇಬಾರದು. ಐಟಿಯು ರೂಪದಲ್ಲಿ ಎರಡು, ಆನ್ಸಿ ರೂಪದಲ್ಲಿ ಮೂರು ಪಾಯಿಂಟರ್‌ಗಳಿವೆ. ಪ್ರತಿಯೊಂದೂ ತಾನಿರುವ ಸ್ಥಾನದಿಂದ ಎಣಿಸುತ್ತದೆ. ಸಂದೇಶವನ್ನು ಪೂರ್ತಿ ಬಿಡಿಸಿ, ಅರ್ಥವನ್ನು ಆಂತರಿಕ ರೂಪದಲ್ಲಿಟ್ಟು, ಹೊಸದಾಗಿ ಕಟ್ಟುವಾಗ ಉದ್ದಗಳನ್ನು ಅಳೆದು ಪಾಯಿಂಟರ್ ಬರೆಯುವುದೇ ಸರಿಯಾದ ಕ್ರಮ. ಇದ್ದಲ್ಲೇ ಆಕ್ಟೆಟ್ ತಿದ್ದಿ ಸಮಯ ಉಳಿಸುವ ಜಾಣತನ ಇಲ್ಲಿ ನಡೆಯದು.

ನಾಲ್ಕನೆಯ ಹೆಜ್ಜೆ: ದೂರವಾಣಿ ಸಂಖ್ಯೆಗಳು

ಮೇಲಿನ ಐಟಿಯು ಸಂದೇಶದಲ್ಲಿ ಸಂಖ್ಯೆಯ ಉದ್ದ 8, ಸ್ವರೂಪ ಸೂಚಕ 4 (ಅಂತಾರಾಷ್ಟ್ರೀಯ), ಸಂಖ್ಯಾ ಯೋಜನೆ 16, ಆಮೇಲೆ ಅಂಕಿಗಳು. ಒಂದೊಂದು ಆಕ್ಟೆಟ್‌ನಲ್ಲಿ ಎರಡು ಅಂಕಿಗಳಿದ್ದು ಮೊದಲ ಅಂಕಿ ಕೆಳ ಅರ್ಧದಲ್ಲಿರುತ್ತದೆ: 1 ಮತ್ತು 2 ಸೇರಿ 2×16 + 1, ಅಂದರೆ 33. ಕೊನೆಯ 243ರಲ್ಲಿ ಕೆಳಗಿರುವುದು 3, ಮೇಲಿರುವುದು ‘ಅಂಕಿಗಳು ಮುಗಿದವು’ ಎಂಬ ಗುರುತು. ಆನ್ಸಿ ರೂಪಕ್ಕೆ ಬಂದಾಗ ದೇಶದ ಸಂಕೇತವಾದ 1 ಬಿದ್ದುಹೋಗಿ, ಸ್ವರೂಪ ಸೂಚಕ 3 (ರಾಷ್ಟ್ರೀಯ) ಆಗಿ, ಮುಕ್ತಾಯದ ಗುರುತೂ ಹೋಗಿ, ಹತ್ತು ಅಂಕಿಗಳು ಹೊಸದಾಗಿ ಜೋಡಿಯಾಗಿವೆ. ಒಂದು ಅಂಕಿ ಬಿದ್ದುದರಿಂದ ಜೋಡಿಗಳೆಲ್ಲ ಪಲ್ಲಟವಾಗಿರುವುದನ್ನು ಗಮನಿಸಿ: 33, 33, 85 ಇದ್ದದ್ದು 18, 82, 85 ಆಗಿದೆ.

ಕರೆ ಮಾಡಿದವರ ಸಂಖ್ಯೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿರಬೇಕು. ಮಂಜೇಶ್ವರದ ಎಸ್‌ಟಿಡಿ ಸಂಕೇತ 04998. ಮುಂದಿನ ಸೊನ್ನೆ ಡಯಲ್ ಮಾಡಲು ಮಾತ್ರ, ಸಂಖ್ಯೆಯ ಭಾಗವಲ್ಲ. ದೇಶದೊಳಗೆ ಕರೆಯವರ ಸಂಖ್ಯೆ 4998 ಮತ್ತು ಆರು ಅಂಕಿ, ಒಟ್ಟು ಹತ್ತು, ಸ್ವರೂಪ ಸೂಚಕ 3 ಎಂದು ಹೋಗುತ್ತದೆ. ಗಡಿ ದಾಟುವಾಗ 91 ಸೇರಿಸಿ ಸೂಚಕವನ್ನು 4 ಮಾಡಬೇಕು. ಮರೆತರೆ? ಅಮೆರಿಕದ ಸಂಖ್ಯೆಗೂ ಹತ್ತೇ ಅಂಕಿಯಾದ್ದರಿಂದ ಆಚೆಯ ಎಕ್ಸ್‌ಚೇಂಜಿಗೆ ತಪ್ಪೇನೂ ಕಾಣುವುದಿಲ್ಲ. ಅದು 499 ಎಂಬುದನ್ನು ತನ್ನ ಪ್ರದೇಶ ಸಂಕೇತವೆಂದು ಓದಿ ಫೋನಿನ ತೆರೆಯ ಮೇಲೆ ತೋರಿಸುತ್ತದೆ. ನ್ಯೂಯಾರ್ಕಿನಲ್ಲಿರುವ ಮಗ ಆ ಸಂಖ್ಯೆಗೆ ವಾಪಸು ಫೋನ್ ಮಾಡಿದರೆ ಮಂಜೇಶ್ವರದ ತಾಯಿಗೆ ಸೇರುವುದಿಲ್ಲ. ಅಂಕಿಗಳ ಎಣಿಕೆ ಒಂದೇ ಆಗಿರುವ ದೇಶಗಳ ನಡುವೆ ಪರೀಕ್ಷೆ ಮಾಡುವಾಗ ಕರೆ ಸೇರಿತೆಂದು ಬಿಟ್ಟುಬಿಡದೆ ತೆರೆಯ ಮೇಲಿನ ಸಂಖ್ಯೆಯನ್ನೂ ಓದಲೇಬೇಕು. ಸಂಖ್ಯೆಯನ್ನು ತೋರಿಸಬಾರದೆಂಬ ಗುರುತು ಬಂದಿದ್ದರೆ ಅದು ಯಾವ ಕಾರಣಕ್ಕೂ ಕಳಚಬಾರದು.

ಪೋರ್ಟಿಂಗ್‌ನ ತೊಡಕು ಬೇರೆ. 2015ರ ಜುಲೈಯಿಂದ ಒಂದು ಸರ್ಕಲಿನ ಮೊಬೈಲ್ ಸಂಖ್ಯೆಯನ್ನು ಇನ್ನೊಂದಕ್ಕೂ ಒಯ್ಯಲು ಸಾಧ್ಯವಾದ್ದರಿಂದ ಉಪ್ಪಳದವರು ಮಂಗಳೂರಿಗೆ ಮನೆ ಬದಲಿಸಿದರೂ ಸಂಖ್ಯೆ ಬದಲಿಸಬೇಕಿಲ್ಲ. ಭಾರತದಲ್ಲಿ ಇಂಥ ಕರೆಯ ಗುರಿ ಸಂಖ್ಯೆಯ ಮುಂದೆ ರೂಟಿಂಗ್ ಸಂಖ್ಯೆಯೊಂದನ್ನು ಜೋಡಿಸುತ್ತಾರೆ. ಅಮೆರಿಕದಲ್ಲಿ ಗುರಿ ಸಂಖ್ಯೆಯ ಜಾಗದಲ್ಲಿ ರೂಟಿಂಗ್ ಸಂಖ್ಯೆಯನ್ನಿಟ್ಟು, ನಿಜವಾದ ಸಂಖ್ಯೆಯನ್ನು ಸಾಮಾನ್ಯ ವಿಳಾಸ ಎಂಬ ಐಚ್ಛಿಕ ಪ್ಯಾರಾಮೀಟರಿನಲ್ಲಿಟ್ಟು, ಕರೆ ಸೂಚಕಗಳಲ್ಲಿ ಒಂದು ಬಿಟ್ ಏರಿಸುತ್ತಾರೆ. ಆ ಬಿಟ್ ಐಟಿಯು ಪಾಠದಲ್ಲಿ ರಾಷ್ಟ್ರೀಯ ಬಳಕೆಗೆ ಬಿಟ್ಟ ಜಾಗದಲ್ಲಿದೆ. ರೂಟಿಂಗ್ ಸಂಖ್ಯೆ ಆಯಾ ದೇಶದ ಒಳಗಿನ ವ್ಯವಹಾರ; ಗಡಿಯಲ್ಲಿ ಅದನ್ನು ತೆಗೆದು ನಿಜವಾದ ಸಂಖ್ಯೆಯನ್ನಷ್ಟೇ ದಾಟಿಸಬೇಕು, ಬಿಟ್ಟನ್ನೂ ಇಳಿಸಬೇಕು.

ಐದನೆಯ ಹೆಜ್ಜೆ: ಜೋಡಿ ಇಲ್ಲದ ಸಂದೇಶಗಳು, ಪ್ಯಾರಾಮೀಟರ್‌ಗಳು

ಐಟಿಯುನಲ್ಲಿ ಸಿಒಎನ್ ಎಂಬ ಸಂದೇಶವಿದೆ: ವಿಳಾಸ ಪೂರ್ತಿಯಾಯಿತು, ಕರೆಗೆ ಉತ್ತರವೂ ಸಿಕ್ಕಿತು ಎಂದು ಒಟ್ಟಿಗೆ ಹೇಳುವುದು ಅದರ ಕೆಲಸ. ಆನ್ಸಿಯಲ್ಲಿ ಅದಿಲ್ಲ. ಆದ್ದರಿಂದ ಸಿಒಎನ್ ಬಂದಾಗ ಪರಿವರ್ತಕ ಎಸಿಎಂ (ವಿಳಾಸ ಪೂರ್ತಿಯಾಯಿತು) ಮತ್ತು ಅದರ ಬೆನ್ನಿಗೆ ಎಎನ್ಎಂ (ಉತ್ತರ ಸಿಕ್ಕಿತು) ಕಳಿಸಬೇಕು. ಉಳಿದ ಅಂಕಿಗಳನ್ನು ಆಮೇಲೆ ಕಳಿಸುವ ಎಸ್‌ಎಎಂ ಸಂದೇಶವೂ ಆನ್ಸಿಯಲ್ಲಿ ಇಲ್ಲ. ಐಟಿಯು ದೇಶಗಳಲ್ಲಿ ಅಂಕಿಗಳು ಕಂತುಕಂತಾಗಿ ಬರಬಹುದು, ಅಮೆರಿಕದಲ್ಲಿ ಎಲ್ಲವೂ ಒಮ್ಮೆಗೇ ಹೋಗಬೇಕು. ಹಾಗಾಗಿ ಮುಕ್ತಾಯದ ಗುರುತು ಬರುವವರೆಗೆ, ಅಥವಾ ಹತ್ತು ಅಂಕಿಗಳ ರಾಷ್ಟ್ರೀಯ ಸಂಖ್ಯೆ ಪೂರ್ತಿಯಾಗುವವರೆಗೆ, ಅಥವಾ ಟೈಮರ್ ಮುಗಿಯುವವರೆಗೆ ಐಎಎಂ ಅನ್ನು ತಡೆದಿಟ್ಟುಕೊಂಡು ಅಂಕಿಗಳನ್ನು ಕೂಡಿಸಬೇಕು. ಆನ್ಸಿ ಕಡೆಯ ಇಎಕ್ಸ್‌ಎಂ, ಅಂದರೆ ಕರೆ ಬೇರೆ ಜಾಲಕ್ಕೆ ದಾಟಿತೆಂದು ಹಿಂದಕ್ಕೆ ತಿಳಿಸುವ ಸಂದೇಶ, ಈಚೆಗೆ ಬೇಕಿಲ್ಲ, ನುಂಗಿಬಿಡಬಹುದು.

ಪ್ಯಾರಾಮೀಟರ್‌ಗಳಲ್ಲಿ ಅಪಾಯಕಾರಿಯಾದವು ಹೆಸರು ಬೇರೆಯಾಗಿ ಸಂಕೇತ ಒಂದೇ ಆಗಿರುವವು. 192 ಎಂಬ ಸಂಕೇತ ಐಟಿಯುನಲ್ಲಿ ಸಾಮಾನ್ಯ ಸಂಖ್ಯೆ, ಆನ್ಸಿಯಲ್ಲಿ ಸಾಮಾನ್ಯ ವಿಳಾಸ. ಒಳಗಿನ ಮೊದಲ ಆಕ್ಟೆಟ್‌ನ ಅರ್ಥ ಬೇರೆ. ಕೆಲವು ಮಾಹಿತಿಗಳ ಜಾಗವೇ ಬೇರೆ: ನಾಣ್ಯದ ಫೋನಿನಿಂದ ಕರೆ ಬಂದರೆ ಐಟಿಯು ಅದನ್ನು ಕರೆಯವರ ವರ್ಗದಲ್ಲಿ 15 ಎಂದು ಬರೆಯುತ್ತದೆ, ಆನ್ಸಿ ಕರೆ ಹೊರಟ ಲೈನಿನ ಬಗೆಯನ್ನು ಹೇಳುವ ಪ್ರತ್ಯೇಕವಾದ ಒಎಲ್‌ಐ ಪ್ಯಾರಾಮೀಟರಿನಲ್ಲಿ 27 ಎಂದು ಬರೆಯುತ್ತದೆ. ಬಿಲ್ ಯಾರ ಹೆಸರಿಗೆ ಎಂದು ಹೇಳುವ ಆನ್ಸಿಯ ಚಾರ್ಜ್ ಸಂಖ್ಯೆಗೆ ಈಚೆ ಜೋಡಿಯೇ ಇಲ್ಲ.

ಪರಿಚಯವಿಲ್ಲದ ಪ್ಯಾರಾಮೀಟರ್ ಬಂದರೆ ಏನು ಮಾಡಬೇಕೆಂಬುದನ್ನು ಐಟಿಯು 1992ರ ನಂತರದ ಐಸಪ್‌ನಲ್ಲಿ ಸಂದೇಶದೊಳಗೇ ಹೇಳುವ ಏರ್ಪಾಡಿದೆ: ದಾಟಿಸು, ಬಿಟ್ಟುಬಿಡು, ಅಥವಾ ಕರೆಯನ್ನೇ ಮುಗಿಸು. ಆ ಸೂಚನೆ ಅದೇ ರೂಪದ ಜಾಲಗಳ ನಡುವೆ ಮಾತ್ರ ಸರಿ. ‘ದಾಟಿಸು’ ಎಂದಿದೆಯೆಂದು ಅದನ್ನು ಹಾಗೆಯೇ ಆನ್ಸಿ ಕಡೆಗೆ ತಳ್ಳಿದರೆ ಆ ಸಂಕೇತ ಅಲ್ಲಿ ಬೇರೇನೋ ಆಗಿರಬಹುದು. ಕೋಷ್ಟಕದಲ್ಲಿಲ್ಲದ ಯಾವ ಪ್ಯಾರಾಮೀಟರೂ ಗಡಿ ದಾಟಬಾರದು ಎಂಬ ನಿಯಮವನ್ನು ಇಟ್ಟುಕೊಂಡರೆ ಒಳ್ಳೆಯದು.

ಆರನೆಯ ಹೆಜ್ಜೆ: ಕರೆ ಮುಗಿದ ಕಾರಣ

ಬಿಡುಗಡೆ ಸಂದೇಶದಲ್ಲಿ ಕಾರಣದ ಸಂಖ್ಯೆ ಇರುತ್ತದೆ: ಸಾಮಾನ್ಯ ಮುಕ್ತಾಯಕ್ಕೆ 16, ಲೈನ್ ಬ್ಯುಸಿಗೆ 17, ಸರ್ಕ್ಯೂಟ್ ಸಿಗದಿದ್ದರೆ 34. ಇವು ಎರಡೂ ಕಡೆ ಒಂದೇ. ಆದರೆ ಆ ಸಂಖ್ಯೆಯ ಹಿಂದಿನ ಆಕ್ಟೆಟ್‌ನಲ್ಲಿ ಅದು ಯಾರ ಪಟ್ಟಿಯದೆಂದು ಹೇಳುವ ಎರಡು ಬಿಟ್‌ಗಳಿವೆ. 0 ಆದರೆ ಐಟಿಯು ಪಟ್ಟಿ, 2 ಆದರೆ ರಾಷ್ಟ್ರೀಯ ಪಟ್ಟಿ. ಆನ್ಸಿಯ ರಾಷ್ಟ್ರೀಯ ಪಟ್ಟಿಯಲ್ಲಿ 26 ಎಂದರೆ ಪೋರ್ಟ್ ಆದ ಸಂಖ್ಯೆಗೆ ಕರೆ ದಾರಿ ತಪ್ಪಿ ಬಂದಿದೆ ಎಂದು; ಐಟಿಯು ಪಟ್ಟಿಯ 26 ಬೇರೆಯೇ. ಬಿಟ್ಟುಗಳನ್ನು ನೋಡದೆ ಸಂಖ್ಯೆಯನ್ನಷ್ಟೇ ದಾಟಿಸಿದರೆ ಈಚೆಯ ವರದಿಗಳು ಹಾಳಾಗುತ್ತವೆ.

ಇಲ್ಲಿ ನಾನು ಅನುಸರಿಸುವ ಕ್ರಮ ಹೀಗಿದೆ. ಅರ್ಥದಲ್ಲಿ ಹತ್ತಿರದ ಕಾರಣ ಐಟಿಯುನಲ್ಲಿದ್ದರೆ ಅದನ್ನೇ ಬಳಸಬೇಕು: ಆನ್ಸಿಯ 23, ಅಂದರೆ ಹಂಚಿಕೆಯಾಗದ ಗುರಿ ಸಂಖ್ಯೆ, ಐಟಿಯುನಲ್ಲಿ 1 ಆಗಬೇಕು. ಹತ್ತಿರದ್ದು ಇಲ್ಲದಿದ್ದರೆ ಅದೇ ವರ್ಗದ ‘ಅನಿರ್ದಿಷ್ಟ’ ಕಾರಣವನ್ನು ಕೊಡಬೇಕು. ಅವು 31, 47, 63, 79, 95, 111, 127. ಹಾಗಾಗಿ ಆನ್ಸಿಯ 26 ಈಚೆಗೆ 31 ಆಗುತ್ತದೆ. ಎಲ್ಲವನ್ನೂ 127 ಮಾಡಿ ಕೈತೊಳೆದುಕೊಳ್ಳುವವರಿದ್ದಾರೆ. ಆಗ ದೋಷ ಹುಡುಕುವವನಿಗೆ ಹಿಡಿಯಲು ಎಳೆಯೇ ಸಿಗದು, ಮತ್ತೆ ಪ್ರಯತ್ನಿಸಬಹುದಾದ ಕರೆಯನ್ನು ಎಕ್ಸ್‌ಚೇಂಜು ಪ್ರಯತ್ನಿಸುವುದೂ ಇಲ್ಲ.

ಏಳನೆಯ ಹೆಜ್ಜೆ: ಎಸ್‌ಸಿಸಿಪಿ, ಟಿಕ್ಯಾಪ್ ಮತ್ತು ಐಪಿ

ಎಸ್‌ಸಿಸಿಪಿ ವಿಳಾಸದ ಮೊದಲ ಆಕ್ಟೆಟ್‌ನಲ್ಲಿ ಐಟಿಯು ಮೊದಲ ಬಿಟ್ಟನ್ನು ಪಾಯಿಂಟ್ ಕೋಡಿಗೂ ಎರಡನೆಯದನ್ನು ಉಪವ್ಯವಸ್ಥೆಯ ಸಂಖ್ಯೆಗೂ ಬಳಸುತ್ತದೆ. ಆನ್ಸಿಯಲ್ಲಿ ಇದು ಅದಲುಬದಲು, ಒಳಗಿನ ಕ್ರಮವೂ ಅದಲುಬದಲು. ಎಂಟನೆಯ ಬಿಟ್ 1 ಇದ್ದರೆ ಆನ್ಸಿಯ ರಾಷ್ಟ್ರೀಯ ಕ್ರಮ. ಟಿಕ್ಯಾಪ್‌ನಲ್ಲಿ ಸಂದೇಶಗಳ ಬಗೆಗಳೇ ಬೇರೆ. ಇನ್ನು ಅದರ ಮೇಲೆ ಕೂರುವ ಮೊಬೈಲ್ ಪ್ರೋಟೊಕಾಲ್‌ಗಳಾದ ಜಿಎಸ್‌ಎಂ ಮ್ಯಾಪ್ ಮತ್ತು ಅಮೆರಿಕದ ಐಎಸ್-41 ನಡುವಿನ ಕೆಲಸವನ್ನು ಪ್ರೋಟೊಕಾಲ್ ಪರಿವರ್ತನೆ ಎನ್ನುವುದೇ ಸರಿಯಲ್ಲ. ಅದು ಎರಡು ಬೇರೆ ಸೇವೆಗಳನ್ನು ಕೂಡಿಸುವ ಪ್ರತ್ಯೇಕ ತಂತ್ರಾಂಶದ ಕೆಲಸ.

ಈಗ ಇವೆಲ್ಲ ಹೆಚ್ಚಾಗಿ ಐಪಿಯ ಮೇಲೆ ಎಂ3ಯುಎ ಮೂಲಕ ಹರಿಯುತ್ತವೆ. ಅದರಲ್ಲಿ ಪಾಯಿಂಟ್ ಕೋಡಿಗೆ 32 ಬಿಟ್ ಜಾಗವಿದ್ದು ಯಾವ ದೇಶದ ವಿಳಾಸವೂ ಹಿಡಿಯುತ್ತದೆ. ಲೇಬಲಿನ ಕಷ್ಟ ಹೀಗೆ ಕಡಿಮೆಯಾದರೂ ಒಳಗಿನ ಐಸಪ್ ಇದ್ದಂತೆಯೇ ಇರುತ್ತದೆ. ಐಪಿಯ ಮೇಲೆ ಕರೆಗಳನ್ನು ಕಟ್ಟುವ ಸಿಪ್ ಪ್ರೋಟೊಕಾಲಿನ ಸಂದೇಶದೊಳಗೆ ಐಸಪ್ ಅನ್ನು ಇಟ್ಟು ಕಳಿಸುವಾಗ ಅದು ಯಾವ ರೂಪದ್ದೆಂಬ ಗುರುತು ಜೊತೆಗಿರುತ್ತದೆ. ಪರಿವರ್ತಿಸಿದ ಮೇಲೆ ಆ ಗುರುತನ್ನೂ ಬದಲಿಸಿ.

ಎಂಟನೆಯ ಹೆಜ್ಜೆ: ಪರೀಕ್ಷೆ

ಲ್ಯಾಬಿನಲ್ಲಿ ಆಸ್ಮೋಕಾಮ್ ಯೋಜನೆಯ ಮುಕ್ತ ತಂತ್ರಾಂಶದಿಂದ ಎಸ್‌ಟಿಪಿಯೊಂದನ್ನು, ಅಂದರೆ ಸಿಗ್ನಲಿಂಗ್ ಸಂದೇಶಗಳನ್ನು ಮುಂದಕ್ಕೆ ದಾಟಿಸುವ ತಾಣವನ್ನು, ಸುಲಭವಾಗಿ ಸ್ಥಾಪಿಸಬಹುದು. ಸಂದೇಶಗಳನ್ನು ಓದಲು ವೈರ್‌ಶಾರ್ಕ್ ಇದೆ. ವೈರ್‌ಶಾರ್ಕಿನಲ್ಲಿ ಎಂಟಿಪಿ ಮತ್ತು ಐಸಪ್ ಎರಡಕ್ಕೂ ದೇಶದ ರೂಪವನ್ನು ಬೇರೆ ಬೇರೆಯಾಗಿ ಆರಿಸಬೇಕು. ಆದ್ದರಿಂದ ಪರಿವರ್ತಕದ ಎರಡೂ ಬದಿಗಳನ್ನು ಒಂದೇ ಕಡತದಲ್ಲಿ ಹಿಡಿಯದೆ ಬೇರೆ ಬೇರೆ ಕಡತಗಳಲ್ಲಿ ಹಿಡಿದು, ಬೇರೆ ಬೇರೆ ಪ್ರೊಫೈಲಿನಲ್ಲಿ ತೆರೆಯಿರಿ.

ಮೊದಲು ಸಾಮಾನ್ಯ ಕರೆ, ಬ್ಯುಸಿ, ಉತ್ತರವಿಲ್ಲದ ಕರೆ, ಹಂಚಿಕೆಯಾಗದ ಸಂಖ್ಯೆ ಇವನ್ನು ಎರಡೂ ದಿಕ್ಕಿನಲ್ಲಿ ನೋಡಬೇಕು. ಆಮೇಲೆ ಅಂಕಿಗಳನ್ನು ಒಂದೊಂದಾಗಿ ಕಳಿಸಿ, ಕರೆಯವರ ಸಂಖ್ಯೆಯನ್ನು ಮರೆಮಾಡಿ, ಐಚ್ಛಿಕ ಪ್ಯಾರಾಮೀಟರ್‌ಗಳನ್ನು ತುಂಬಿ ಸಂದೇಶದ ಉದ್ದವನ್ನು ಮಿತಿಯವರೆಗೆ ಬೆಳೆಸಿ ನೋಡಬೇಕು. ಎರಡೂ ಬದಿಯಿಂದ ಒಂದೇ ಕ್ಷಣದಲ್ಲಿ ಒಂದೇ ಸರ್ಕ್ಯೂಟಿಗೆ ಐಎಎಂ ಕಳಿಸುವ ಪರೀಕ್ಷೆಯನ್ನು ಸಮಸಂಖ್ಯೆಯ ಸಿಐಸಿಯಲ್ಲೂ ಬೆಸಸಂಖ್ಯೆಯ ಸಿಐಸಿಯಲ್ಲೂ ಮಾಡಲೇಬೇಕು. ಪರಿವರ್ತಕವನ್ನು ಕರೆಯ ನಡುವೆ ನಿಲ್ಲಿಸಿ ಮತ್ತೆ ಚಾಲೂ ಮಾಡಿ, ಸರ್ಕ್ಯೂಟ್ ಮರುಹೊಂದಿಕೆಯ ಸಂದೇಶಗಳು ಎರಡೂ ಕಡೆಗೆ ಹೋಗುತ್ತವೆಯೇ ಎಂಬುದನ್ನೂ ಪರಿಶೀಲಿಸಿ; ಒಂದು ಕಡೆಗೆ ಮಾತ್ರ ಹೋದರೆ ಇನ್ನೊಂದು ಕಡೆಯ ಸರ್ಕ್ಯೂಟುಗಳು ಯಾರೂ ಮಾತನಾಡದೆ ಬ್ಯುಸಿಯಾಗಿಯೇ ಉಳಿಯುತ್ತವೆ.

ಪ್ರತಿಯೊಂದು ಪ್ಯಾರಾಮೀಟರಿಗೂ ‘ಬದಲಿಸಿದೆ, ಹೊಸದಾಗಿ ತುಂಬಿದೆ, ಬಿಟ್ಟೆ’ ಎಂಬ ಮೂರರಲ್ಲಿ ಯಾವುದು, ಮತ್ತು ಏಕೆ ಎಂಬುದನ್ನು ಕೋಷ್ಟಕದಲ್ಲಿ ಒಂದು ಸಾಲಿನಲ್ಲಿ ಬರೆದು, ಅದು ಮಾನಕದ ಯಾವ ಭಾಗವನ್ನು ಆಧರಿಸಿದೆ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ. ಬಿಟ್ಟ ಪ್ಯಾರಾಮೀಟರ್‌ಗಳ ಎಣಿಕೆಯನ್ನು ಪರಿವರ್ತಕವೇ ಸಂಕೇತವಾರು ಇಟ್ಟುಕೊಳ್ಳಲಿ. ಆಚೆಯ ದೇಶ ತನ್ನ ತಂತ್ರಾಂಶವನ್ನು ಬದಲಿಸಿದರೆ ನಿಮಗೆ ಮೊದಲು ಗೊತ್ತಾಗುವುದು ಆ ಎಣಿಕೆ ದಿಢೀರನೆ ಏರಿದಾಗ.